ದೊಡ್ಡಪ್ಪನ ಎದೆಯ ಫುಟ್‌ವಾಲ್ವ್

ನಮ್ಮ ದೊಡ್ಡಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಪಂಪ್ ಫಿಟ್ಟರ್ ಆಗಿದ್ದವರು. ನಿವೃತ್ತರಾದ ಮೇಲೂ ಯಾರ ತೋಟದ ಮೋಟಾರು ಕೆಟ್ಟರೂ ಅವರಿಗೇ ಕರೆ. ಎರಡು ವರ್ಷದಿಂದ ಅವರ ಕತ್ತಿನ ನಾಡಿ ಹಾರುವುದು ಎದುರು ಕೂತವರಿಗೂ ಕಾಣುತ್ತಿತ್ತು. ಎಡಮಗ್ಗುಲಾಗಿ ಮಲಗಿದರೆ ಎದೆಬಡಿತ ಅವರಿಗೇ ಜೋರಾಗಿ ಕೇಳುತ್ತಿತ್ತಂತೆ. "ಗಟ್ಟಿ ಎದೆ ಕಣೋ" ಎಂದು ನಗುತ್ತಿದ್ದರು. ಕಳೆದ ಮಳೆಗಾಲದಲ್ಲಿ ಮೆಟ್ಟಿಲು ಹತ್ತುವಾಗ ಏದುಸಿರು ಶುರುವಾಯಿತು. ಶಿವಮೊಗ್ಗಕ್ಕೆ ಕರೆದೊಯ್ದೆವು. ಬಿಪಿ 170/50!

ಡಾಕ್ಟರು ಎಕೋ ಪರದೆಯಲ್ಲಿ ತೋರಿಸಿ ವಿವರಿಸಿದರು. ಹೃದಯದ ಎಡಭಾಗದ ಕೆಳಕೋಣೆ ಪ್ರತಿ ಬಡಿತಕ್ಕೂ ಸುಮಾರು 70 ಮಿ.ಲೀ. ರಕ್ತವನ್ನು ಮಹಾಪಧಮನಿಗೆ ತಳ್ಳುತ್ತದೆ. ಅಲ್ಲಿನ ಮೂರೆಸಳಿನ ಕವಾಟ ಕೂಡಲೇ ಮುಚ್ಚಿ, ರಕ್ತ ಹಿಂದಕ್ಕೆ ಬರದಂತೆ ತಡೆಯಬೇಕು. ದೊಡ್ಡಪ್ಪನ ಕವಾಟದ ಎಸಳುಗಳು ದಪ್ಪವಾಗಿ ಮುದುಡಿದ್ದರಿಂದ ನಡುವೆ ಸಂದಿ ಉಳಿಯುತ್ತಿತ್ತು. ಹೊರಹೋದ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸು! ಆ ಧಾರೆಯ ಹೊಡೆತಕ್ಕೆ ಪಕ್ಕದ ಮೈಟ್ರಲ್ ಕವಾಟದ ಎಸಳು ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು.

"ಫುಟ್‌ವಾಲ್ವ್ ಲೀಕು ಅನ್ನಿ ಡಾಕ್ಟ್ರೇ" ಎಂದರು ದೊಡ್ಡಪ್ಪ.

"ಹೌದು ಯಜಮಾನರೇ. ಆದರೆ ನಿಮ್ಮ ಪಂಪು ಹಿಗ್ಗುವುದಿಲ್ಲ, ಹೃದಯ ಹಿಗ್ಗುತ್ತದೆ."

ವಾಪಸು ಬಂದ ರಕ್ತ, ಶ್ವಾಸಕೋಶದಿಂದ ಬಂದ ಹೊಸ ರಕ್ತ ಎರಡನ್ನೂ ಹಿಡಿಸಿಕೊಳ್ಳಲು ಆ ಕೋಣೆ ದೊಡ್ಡದಾಗುತ್ತದೆ. ಒಂದೇ ಸಲಕ್ಕೆ ಹೆಚ್ಚು ರಕ್ತ ತಳ್ಳುವುದರಿಂದ ಮೇಲಿನ ಬಿಪಿ ಏರುತ್ತದೆ. ರಕ್ತ ಹಿಂದಕ್ಕೆ ಸೋರುವುದರಿಂದ ಕೆಳಗಿನ ಬಿಪಿ ಇಳಿಯುತ್ತದೆ. ಹೀಗೆ ಹೃದಯ ವರ್ಷಗಟ್ಟಲೆ ನಿಭಾಯಿಸುವುದರಿಂದ ರೋಗಿಗೆ ಏನೂ ಗೊತ್ತಾಗದಿರಬಹುದು. ಕೊನೆಗೊಮ್ಮೆ ಅದರ ಸ್ನಾಯು ಸೋಲುತ್ತದೆ. ಏದುಸಿರು ಬಂದ ಮೇಲಾಗಲಿ, ತಳ್ಳುವ ಶಕ್ತಿ ಕುಗ್ಗತೊಡಗಿದೆ ಎಂದು ಎಕೋ ಹೇಳಿದ ಮೇಲಾಗಲಿ ಕಾಯುತ್ತ ಕೂರುವಂತಿಲ್ಲ, ಕವಾಟ ಬದಲಿಸಬೇಕು.

"ಚಿಕ್ಕಂದಿನಲ್ಲಿ ಜ್ವರ ಬಂದು ಕೀಲು ಊದಿತ್ತೇ?" ಎಂದು ಡಾಕ್ಟರು ಕೇಳಿದರು. ಅಜ್ಜಿಗೆ ನೆನಪಿತ್ತು. ಹತ್ತನೇ ವಯಸ್ಸಿನಲ್ಲಿ ಗಂಟಲುನೋವು, ಎರಡು ಮೂರು ವಾರಕ್ಕೆ ಒಂದು ಮಂಡಿಯಿಂದ ಇನ್ನೊಂದಕ್ಕೆ ಹಾರುವ ಊತ. ಅದು ರುಮ್ಯಾಟಿಕ್ ಜ್ವರ. ಗಂಟಲಿನ ಸ್ಟ್ರೆಪ್ಟೊಕಾಕಸ್ ರೋಗಾಣುವಿನ ವಿರುದ್ಧ ಎದ್ದ ದೇಹದ ರಕ್ಷಣಾಪಡೆ ಹೃದಯದ ಕವಾಟವನ್ನೂ ಕೆಡಿಸುತ್ತದೆ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಆ ಗಂಟಲುನೋವಿಗೆ ಸಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ ತಡೆಯಬಹುದು.

ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ದೊಡ್ಡಪ್ಪನಿಗೆ ಲೋಹದ ಕವಾಟ ಕೂತಿದೆ. ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ, ಆಗಾಗ ರಕ್ತಪರೀಕ್ಷೆ. ರಾತ್ರಿ ಪಕ್ಕದಲ್ಲಿ ಕೂತರೆ ಸಣ್ಣಗೆ ಟಿಕ್ ಟಿಕ್ ಕೇಳುತ್ತದೆ. ಈಗ ಮೊಮ್ಮಗಳು ಗಂಟಲು ನೋಯುತ್ತದೆ ಎಂದರೆ ಸಾಕು, ಡಾಕ್ಟರ ಬಳಿ ಹೊರಡಲು ಮೊದಲು ಚಪ್ಪಲಿ ಮೆಟ್ಟುವವರು ಅವರೇ.