ಕಿವಿ ಮುಟ್ಟಿಕೊಂಡವರು

ಹೊರಊರಿಗೆ ಹೋದ ಕುಂದಗೋಳದವರು ತಮ್ಮೂರು ಹುಬ್ಬಳ್ಳಿ ಅಂತಲೇ ಹೇಳುತ್ತಾರೆ. ಕುಂದಗೋಳ ಅಂದರೆ ಎಲ್ಲಿ, ಯಾವ ಜಿಲ್ಲೆ ಎಂದು ವಿವರಿಸುವ ಕಷ್ಟ ಯಾರಿಗೆ ಬೇಕು? 2010ರ ಜೂನಿನಲ್ಲಿ ಪುಣೆಯ ಖರಾಡಿಗೆ ಕೆಲಸಕ್ಕೆ ಸೇರಿದಾಗ ನಾನೂ ಹಾಗೇ ಹೇಳಿದೆ. ನಗರ ರಸ್ತೆಯ ಗದ್ದಲ, ಗಾಳಿ ತಿರುಗಿದಾಗ ಬರುವ ಮುಳಾ-ಮುಠಾ ನದಿಯ ವಾಸನೆ, ಅರ್ಧ ಗಾಜಿನ ಕಟ್ಟಡ, ಅರ್ಧ ಬಯಲು. ಆಗಿನ ಖರಾಡಿ ಅಷ್ಟೇ.

ನಮ್ಮ ತಂಡದ ಹಿರಿಯರೊಬ್ಬರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಅಪ್ಪಟ ಪುಣೇಕರರು. ಅವರು ಮಾತಾಡುತ್ತಿದ್ದುದು ಮರಾಠಿ. ಆದರೆ ನನ್ನ ನೆನಪಿನಲ್ಲಿ ಅದು ನಮ್ಮೂರ ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

"ಹುಬ್ಬಳ್ಳಿಯೊಳಗ ಎಲ್ಲಿ?"

"ಹತ್ರದಾಗ, ಕುಂದಗೋಳ ಅಂತ."

ಕಾಕಾ ಚಹಾದ ಗ್ಲಾಸು ಕೆಳಗಿಟ್ಟು ಎರಡೂ ಕಿವಿ ಮುಟ್ಟಿಕೊಂಡರು. "ಸವಾಯಿ ಗಂಧರ್ವರ ಕುಂದಗೋಳ?"

ನನಗೆ ನಾಚಿಕೆಯಾಯಿತು. ಸವಾಯಿ ಗಂಧರ್ವ ಅಂದರೆ ನನ್ನ ಪಾಲಿಗೆ ವರ್ಷಕ್ಕೊಮ್ಮೆ ನಾಡಿಗೇರ ವಾಡೆಯಲ್ಲಿ ನಡೆಯುವ ಪುಣ್ಯತಿಥಿಯ ಹಾಡು, ಆ ರಾತ್ರಿ ಸಿಗುವ ಮಿರ್ಚಿ-ಗಿರ್ಮಿಟ್ಟು. ಅವರ ಶಿಷ್ಯ ಭೀಮಸೇನ ಜೋಶಿ ಗುರುವಿನ ನೆನಪಿಗಾಗಿ 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಉತ್ಸವಕ್ಕೆ ಊರಿಗೆ ಊರೇ ಚಾದರ ಹೊದ್ದು ಹೋಗುತ್ತದೆಂಬುದು ಖರಾಡಿಗೆ ಬಂದ ಮೇಲೆ ತಿಳಿದದ್ದು.

ಕಾಕಾ ನಾಲ್ಕು ತಿಂಗಳು ನನಗೆ ಒಂದು ಸಾಲು ಕೋಡ್ ಬರೆಯಲು ಬಿಡಲಿಲ್ಲ. ದಿನವಿಡೀ ಹಳೆಯ ಲಾಗ್ ಫೈಲುಗಳನ್ನು ಓದುವುದು, ಸಂಜೆಗೆ ಒಂದು ಪುಟ ಬರೆದು ಕೊಡುವುದು: ಏನು ಕೆಟ್ಟಿತು, ಯಾಕೆ ಕೆಟ್ಟಿತು. ಮರುದಿನ ಆ ಹಾಳೆ ಕೆಂಪು ಪೆನ್ಸಿಲಿನ ಒಂದೇ ಶಬ್ದ ಹೊತ್ತು ವಾಪಸು ಬರುತ್ತಿತ್ತು: "ಯಾಕ?" ಜೊತೆಗೆ ಸೇರಿದ ಹುಡುಗರಿಗೆ ಆಗಲೇ ಮೆಚ್ಚುಗೆಯ ಇಮೇಲ್ ಬರುತ್ತಿದ್ದವು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಕಾಕಾ ಭೀಮಸೇನರ ಕಥೆ ತೆಗೆದರು. ಹನ್ನೊಂದು ವರ್ಷದ ಹುಡುಗ ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಗ್ವಾಲಿಯರ್, ಜಲಂಧರ್ ಎಂದು ಅಲೆದದ್ದು. ಜಲಂಧರಿನಲ್ಲಿ ವಿನಾಯಕರಾವ್ ಪಟವರ್ಧನರು, ನಿಮ್ಮೂರ ಹತ್ತಿರವೇ ಸವಾಯಿ ಗಂಧರ್ವರಿದ್ದಾರಲ್ಲ ಎಂದು ತಿರುಗಿ ಕಳಿಸಿದ್ದು. 1936ರ ಸುಮಾರಿಗೆ ಕುಂದಗೋಳ ಸೇರಿ, ಗುರುವಿನ ಮನೆಗೆ ನೀರು ಹೊತ್ತು, ತೋಡಿಯಂಥ ಕೆಲವೇ ರಾಗಗಳನ್ನು ವರ್ಷಗಟ್ಟಲೆ ತಿಕ್ಕಿದ್ದು.

ಆ ನೀರು ಹೊರುವ ಭಾಗ ನನಗೆ ಅಷ್ಟಾಗಿ ಸೇರುವುದಿಲ್ಲ. ನಾವೂ ಕಷ್ಟಪಟ್ಟೇವಿ, ನೀವೂ ಪಡ್ರಿ ಅನ್ನುವ ಮೇಲಧಿಕಾರಿಗಳಿಗೆ ಅದು ಒಳ್ಳೆಯ ನೆಪ. ಕಾಕಾ ಮಾತ್ರ ನನ್ನಿಂದ ಒಂದು ಕಪ್ಪು ಚಹಾ ಸಹ ತರಿಸಿಕೊಂಡವರಲ್ಲ.

2011ರ ಜನವರಿ 24, ಸೋಮವಾರ ಕಾಕಾ ಆಫೀಸಿಗೆ ಬರಲಿಲ್ಲ. ಅಂದು ಬೆಳಿಗ್ಗೆ ಭೀಮಸೇನ ಜೋಶಿ ತೀರಿಕೊಂಡಿದ್ದರು. ಅದೇ ವಾರ ಒಂದು ರಾತ್ರಿ ನಾನು ಗ್ರಾಹಕರ ಡೇಟಾಬೇಸಿನಲ್ಲಿ ಅಳಿಸಬಾರದ್ದನ್ನು ಅಳಿಸಿದೆ. ಫೋನು ಮಾಡಿದ ಮುಕ್ಕಾಲು ತಾಸಿನಲ್ಲಿ ಕಾಕಾ ಸ್ಕೂಟರಿನಲ್ಲಿ ಬಂದರು, ಪಕ್ಕದಲ್ಲಿ ಕೂತರು. ಕೀಬೋರ್ಡು ಮುಟ್ಟಲಿಲ್ಲ. "ಈಗ ಏನು ಗೊತ್ತದ? ಏನು ಗೊತ್ತಿಲ್ಲ?" ಇಷ್ಟೇ, ಮತ್ತೆ ಮತ್ತೆ. ನಾಲ್ಕು ಗಂಟೆಗೆ ಬ್ಯಾಕಪ್ಪಿನಿಂದ ಎಲ್ಲ ವಾಪಸು ಬಂತು. ಬೆಳಗಿನ ಇಮೇಲಿನಲ್ಲಿ ಅವರು ಬರೆದದ್ದು: ನಾನು ಪರಿಶೀಲಿಸಬೇಕಿತ್ತು, ಪರಿಶೀಲಿಸಲಿಲ್ಲ. ನನ್ನ ಹೆಸರು ಅದರಲ್ಲಿರಲಿಲ್ಲ.

ಇನ್ನು ಹೇಳಬೇಕಾದ್ದು ಹೇಳುತ್ತೇನೆ. 2016ರಲ್ಲಿ ನಾನು ತಂಡದ ಮ್ಯಾನೇಜರ್ ಆದೆ. ಮ್ಯಾನೇಜರ್ ಆಗಲು ಎಂದೂ ಬಯಸದ ಕಾಕಾ ನನ್ನ ಕೈಕೆಳಗೆ ಬಂದರು. ವರ್ಷಾಂತ್ಯದ ಮೌಲ್ಯಮಾಪನದಲ್ಲಿ ತಂಡದ ಒಬ್ಬರನ್ನು ಕೆಳಗಿನ ದರ್ಜೆಗೆ ಹಾಕಲೇಬೇಕೆಂಬ ನಿಯಮವಿತ್ತು. ಮುಗಿಸಿದ ಕೆಲಸಗಳ ಲೆಕ್ಕದಲ್ಲಿ ಕಾಕಾ ಅವರದೇ ಕಡಿಮೆ. ಅವರ ಅರ್ಧ ದಿನ ಬೇರೆಯವರ ಮೇಜಿನ ಪಕ್ಕದಲ್ಲಿ ಕಳೆಯುತ್ತಿತ್ತು; ಅದಕ್ಕೆ ಫಾರ್ಮಿನಲ್ಲಿ ಕಾಲಮ್ಮಿರಲಿಲ್ಲ. ಜಗಳ ಮಾಡಬಹುದಿತ್ತು. ಆದರೆ ನನ್ನ ಬಡ್ತಿಯ ಕಡತ ಅದೇ ಮೇಜಿನ ಮೇಲಿತ್ತು. ಅವರ ಹೆಸರು ಬರೆದೆ.

ಮೀಟಿಂಗ್ ರೂಮಿನಲ್ಲಿ ಅವರು ಹಾಳೆಯನ್ನು ನಿಧಾನವಾಗಿ ಓದಿದರು.

"ನೀನ ಬರದಿಯೋ, ಬರಸಿದರೋ?"

"ನಾನ ಬರದೆ ಕಾಕಾ."

"ಹಂಗಾದ್ರ ಕಾರಣನೂ ಬರಿ. ಇದರಾಗ ಅಂಕಿ ಅದಾವ, ಕಾರಣ ಇಲ್ಲ."

ಬರೆಯಲಿಲ್ಲ. ಆರು ತಿಂಗಳಿಗೆ ಅವರು ಕೆಲಸ ಬಿಟ್ಟರು. ಬೀಳ್ಕೊಡುಗೆಯ ಕೇಕು ಕತ್ತರಿಸುವಾಗ ಮೊದಲ ತುಂಡು ನನಗೇ ಕೊಟ್ಟರು, ಅದನ್ನು ನುಂಗುವುದು ಬಹಳ ಕಷ್ಟವಾಯಿತು.

ಈಗ ಹೊಸ ಹುಡುಗರಿಗೆ ನಾನೂ ಸಂಜೆಯ ಒಂದು ಪುಟ ಬರೆಯಲು ಹೇಳುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ. ಕೆಲವರು ಬರೆದದ್ದಕ್ಕೆ "ಯಾಕ?" ಎಂದು ಹಾಕುವಾಗ ಕೈ ಒಂದು ಕ್ಷಣ ತಡೆಯುತ್ತದೆ.

ಹೋದ ಸಲ ಊರಿಗೆ ಹೋದಾಗ ನಾಡಿಗೇರ ವಾಡೆಯ ಮುಂದೆ ನಿಂತು ಫೋಟೋ ತೆಗೆದು ಕಾಕಾ ಅವರಿಗೆ ವಾಟ್ಸಾಪ್ ಮಾಡಿದೆ. ಎಷ್ಟೋ ವರ್ಷದ ಮೇಲೆ, ಒಂದಕ್ಷರ ಬರೆಯದೆ, ಬರೀ ಫೋಟೋ. ಇಡೀ ದಿನ ಉತ್ತರವಿಲ್ಲ. ರಾತ್ರಿ ಬಂತು: "ಇದು ಬಾಗಿಲದ ಫೋಟೋ. ಒಳಗ ಹೋಗಲಿಲ್ಲೇನು?"

ಹೋಗಿರಲಿಲ್ಲ. ಬಾಗಿಲು ಹಾಕಿತ್ತು ಅಂತ ಬರೆಯಬಹುದಿತ್ತು. ಮರುದಿನ ಪುಣೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮತ್ತೆ ಆ ಕಡೆಗೇ ನಡೆದೆ.