ಕೃಪೆಯೆಂಬ ಮಾತು

ನಮ್ಮ ಹೊರ್ತಿಯಲ್ಲಿ ಜಡ್ಡು ಬಿದ್ದವನಿಗೆ ಎರಡು ದಾರಿ. ಹೆದ್ದಾರಿಯ ಒಂದು ಬದಿಗೆ ನಿಂತರೆ ವಿಜಯಪುರದ ಬಸ್ಸು, ಇನ್ನೊಂದು ಬದಿಗೆ ನಿಂತರೆ ಸೊಲ್ಲಾಪುರದ್ದು. ಯಾವ ಊರಿನ ಡಾಕ್ಟರರ ಕೈಗುಣ ದೊಡ್ಡದೆಂದು ಕಟ್ಟೆಯ ಮೇಲೆ ಒಂದು ತಾಸು ವಾದ ನಡೆಯುತ್ತದೆ; ರೋಗಿಯೂ ಕೆಮ್ಮುತ್ತ ಅದರಲ್ಲಿ ಪಾಲುಗೊಳ್ಳುತ್ತಾನೆ. ಹೀಗೆ ವಾದಿಸುವುದೂ ಒಂದು ಸ್ವಾತಂತ್ರ್ಯವೆಂಬುದು ನಮ್ಮ ಕಾಕಾನ ಮಗ ಸೆರೆಮನೆ ಸೇರುವ ತನಕ ನನಗೆ ಹೊಳೆದಿರಲಿಲ್ಲ.

ಹೊಲದ ಬದುವಿನ ಜಗಳ, ಬಡಿದಾಟ, ಮೊಕದ್ದಮೆ. ತಪ್ಪು ಯಾರದೆಂದು ನಾನು ಹೇಳಲಾರೆ. ಹೇಳಬೇಕಾದ ಕೋರ್ಟೂ ಆಗಿನ್ನೂ ಹೇಳಿರಲಿಲ್ಲ. ಅವನಿಗೆ ಚಿಕ್ಕಂದಿನಿಂದ ದಮ್ಮಿನ ರೋಗ. ಒಂದು ಮುಂಜಾನೆ ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದು ನಿಂತಳು.

“ಬಾವಾರ, ರಾತ್ರಿ ಪೂರ್ತಿ ಗ್ವಾಡಿಗೆ ಬೆನ್ನ ಹಚ್ಚಿ ಕುಂಡರತಾನಂತ. ಮಲಗಿದ್ರ ಉಸರ ಹಿಡಿತೈತಿ. ಗುಳಿಗಿ ಕೊಟ್ಟಾರಂತ, ಯಾತರ ಗುಳಿಗಿ ಅನ್ನೂದು ಅವಗೂ ಗೊತ್ತಿಲ್ಲರಿ.”

ಕನ್ನಡದ ಅಧ್ಯಾಪಕನಿಗೆ ಇಂಥಲ್ಲಿ ಬರುವ ವಿದ್ಯೆ ಒಂದೇ: ಅರ್ಜಿ ಬರೆಯುವುದು. ಬರೆದೆ. ‘ಕೃಪೆದೋರಿ’ ಎಂದು ಮೊದಲಾಗಿ ‘ತಮ್ಮ ಕೃಪೆಗೆ ಕಾದಿರುವ’ ಎಂದು ಮುಗಿಯುವ, ವ್ಯಾಕರಣದೋಷವಿಲ್ಲದ ಎರಡು ಪುಟ. ವಕೀಲ ನನ್ನ ಹಳೆಯ ವಿದ್ಯಾರ್ಥಿ. ಓದಿದ, ‘ಕೃಪೆ’ ಇದ್ದಲ್ಲೆಲ್ಲ ಗೀಟು ಎಳೆದ.

“ಗುರುಗಳ, ಕೃಪಾ ಬ್ಯಾಡ್ರಿ. ಸರಕಾರ ಅವನ್ನ ಹಿಡಿದಿಟ್ಟೈತಿ. ಹಿಡಿದಿಟ್ಟವರ ಔಷಧ ಕೊಡಸಬೇಕು. ಇದು ಬೇಡೂದಲ್ಲರಿ, ಕೇಳೂದು.”

ಬೇಡುವುದಕ್ಕೂ ಕೇಳುವುದಕ್ಕೂ ಇರುವ ಅಂತರವನ್ನು ಎಷ್ಟೋ ವರ್ಷ ಕ್ಲಾಸಿನಲ್ಲಿ ವಿವರಿಸಿದವನು ನಾನು! ಆತ ತೋರಿಸಿಕೊಟ್ಟ. ಕೈದಿಯೊಬ್ಬನು ವೈದ್ಯರನ್ನು ಕಾಣಬೇಕೆಂದರೆ ತಡಮಾಡದೆ ಮೇಲಿನವರಿಗೆ ತಿಳಿಸಬೇಕೆಂದು ಬ್ರಿಟಿಷರ 1894ರ ಕಾಯಿದೆಯೇ ಹೇಳಿತ್ತು. ನಿರಪರಾಧಿಯಿರಲಿ, ಅಪರಾಧಿಯಿರಲಿ, ಜೀವ ಉಳಿಸುವುದು ವೈದ್ಯರ ಹೊಣೆಯೆಂದು ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು.

ದಮ್ಮು ಮತ್ತು ಸೆರೆಮನೆ—ಇವೆರಡೂ ಕೂಡಿದಾಗ ನನಗೆ ಸ್ನೇಹಲತಾ ರೆಡ್ಡಿಯವರ ನೆನಪು. ‘ಸಂಸ್ಕಾರ’ ಚಿತ್ರದ ಚಂದ್ರಿಯೆಂದರೆ ಓದುಗರಿಗೆ ಬೇಗ ಗುರುತು ಹತ್ತೀತು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಅವರ ಬಂಧನವಾಯಿತು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು, ವಿಚಾರಣೆಯಿಲ್ಲದೆ. ಅವರಿಗೂ ಉಬ್ಬಸವೇ. ತಕ್ಕ ಚಿಕಿತ್ಸೆ ಸಿಗಲಿಲ್ಲ. 1977ರ ಜನವರಿ 15ಕ್ಕೆ ಪೆರೋಲಿನ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ಕೇಳುವ ದಾರಿಯೂ ಆಗ ಕಟ್ಟಿತ್ತು: ಬಂಧನವನ್ನು ಪ್ರಶ್ನಿಸಿ ಯಾರೂ ಹೈಕೋರ್ಟಿಗೆ ಹೋಗುವಂತಿಲ್ಲವೆಂಬ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು ಅದೇ ಏಪ್ರಿಲ್ 28ರಂದು.

ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದಲ್ಲಿ ಇನ್ನೊಂದು ತೀರ್ಪಾಯಿತು. ಟೆಕ್ಸಸ್ಸಿನ ಕೈದಿ ಗ್ಯಾಂಬಲ್ ಎಂಬವನ ಮೇಲೆ, ಲಾರಿ ಖಾಲಿ ಮಾಡುವಾಗ ಹತ್ತಿಯ ಅಂಡಿಗೆ ಬಿದ್ದಿತ್ತು. (ಅದರ ಭಾರವೆಷ್ಟೆಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ.) ಆತ ಕೈಯಾರೆ ಬರೆದ ಅರ್ಜಿ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೈದಿಯ ಗಂಭೀರ ಕಾಯಿಲೆಯನ್ನು ತಿಳಿದೂ ಅಲಕ್ಷಿಸುವುದು ಸಂವಿಧಾನ ನಿಷೇಧಿಸಿದ ಕ್ರೂರಶಿಕ್ಷೆಯೆಂದು ಕೋರ್ಟು ಸಾರಿತು. ಆದರೆ 17 ಸಲ ಅವನನ್ನು ತಪಾಸಿಸಿದ್ದರೆಂದು ವೈದ್ಯನ ಮೇಲಿನ ಅವನ ದೂರು ಮಾತ್ರ ನಿಲ್ಲಲಿಲ್ಲ.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದರೆ ಒಬ್ಬ ಮಿತ್ರರು, “ಜೈಲಂದ್ರ ಬೀಗರ ಮನೀ ಏನ್ರಿ?” ಎಂದು ನಕ್ಕರು. ನಾನೂ ಹಿಂದೆ ಹಾಗೆಯೇ ನಕ್ಕವನು. ಆದುದರಿಂದ ಸಿಟ್ಟು ಬರಲಿಲ್ಲ. ನ್ಯಾಯಾಧೀಶರು ಶಿಕ್ಷೆ ಬರೆಯುವಾಗ ವರ್ಷಗಳನ್ನು ಬರೆಯುತ್ತಾರೆ. ದಮ್ಮನ್ನು ಯಾರೂ ಬರೆಯುವುದಿಲ್ಲ. ನನ್ನ ತಮ್ಮನಿಗಂತೂ ವರ್ಷಗಳನ್ನೂ ಬರೆದಿರಲಿಲ್ಲ.

ಅವನನ್ನು ಸರಕಾರಿ ಆಸ್ಪತ್ರೆಗೆ ಒಯ್ದು ತೋರಿಸಬೇಕೆಂದು ಕೋರ್ಟು ಅಪ್ಪಣೆ ಮಾಡಿತು. ಆ ಕಾಗದ ಒಳಗೆ ತಲುಪಲು ನಾಲ್ಕು ದಿನ ಹಿಡಿಯಿತು. ಡಾಕ್ಟರರು ಬರೆದ ಪಂಪು ಅವನ ಕೈ ಸೇರಲು ಮತ್ತೆರಡು ದಿನ. ಅದರ ಮರುದಿನ ಹೊರ್ತಿಯಿಂದ ಫೋನು ಬಂತು.

“ಬಾವಾರ, ನಿನ್ನಿ ರಾತ್ರಿ ಅಡ್ಡಾಗಿ ಮಲಗ್ಯಾನಂತರಿ.”