ಕವಳಿ ಬೇಲಿ

ಪುಣೆ-ಬೆಂಗಳೂರು ಹೆದ್ದಾರಿ ಅಗಲವಾದ ಮೇಲೆ ಯಮಕನಮರಡಿಯ ನಮ್ಮ ಹಿತ್ತಲು ಬಸ್ಸಿನವರ ಪಾಲಿಗೆ ಒಂದು ಪ್ರೇಕ್ಷಣೀಯ ಸ್ಥಳ. ಒಣಹಾಕಿದ ಸೀರೆಯ ಅಂಚು ಯಾವ ಬಣ್ಣದ್ದು, ಹಪ್ಪಳ ಎಷ್ಟು ಒಣಗಿವೆ ಎಂಬ ಸುದ್ದಿ ಕೊಲ್ಲಾಪುರದ ತನಕ ಹೋಗುತ್ತಿರಬೇಕು. ಕಾಂಪೌಂಡ್ ಕಟ್ಟಿಸೂಣು ಎಂದ ಮನೆಯವರು ಇಟ್ಟಿಗೆಯ ಲೆಕ್ಕ ಕೇಳಿ ಸುಮ್ಮನಾದರು. ಉಳಿದದ್ದು ಗಿಡದ ಮರೆ.

ನರ್ಸರಿಯವನು ಕೋನೋಕಾರ್ಪಸ್ ತೋರಿಸಿದ. "ವರ್ಷದಾಗ ಹಸರು ಗ್ವಾಡಿ ಆಕ್ಕೈತ್ರೀ ಅಕ್ಕಾರ." ಬೇಗ ಬೆಳೆಯುವುದೇನೋ ಖರೆ. ಆದರೆ ಅದರ ಬೇರು ಚರಂಡಿ, ಪೈಪು ಹಾಳುಮಾಡುತ್ತದೆ, ಪರಾಗ ನೆಗಡಿ-ಕೆಮ್ಮು ತರುತ್ತದೆ ಎಂದು ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ. ಅಷ್ಟು ಅವಸರದ ಗಿಡ ನನಗೆ ಬೇಡ.

ಹಿರಿಯರ ಬೇಲಿಗೆ ಮರೆಯ ಚಿಂತೆಯೇ ಇರಲಿಲ್ಲ. ಕಳ್ಳಿ, ಕತ್ತಾಳೆ, ಲಕ್ಕಿ ಯಾವುದಾದರೂ ಸರಿ, ದನ ನುಗ್ಗದಿದ್ದರೆ ಸಾಕು. ಮಾತು, ಜಗಳ, ಕರಿಬೇವು ಎಲ್ಲ ಅದರ ಮೇಲಿಂದಲೇ ದಾಟುತ್ತಿದ್ದವು.

ನನ್ನ ಮನಸ್ಸು ಕವಳಿಯ ಮೇಲೆ. ಬೇಸಿಗೆಯಲ್ಲಿ ಬೆಳಗಾವಿ ಪೇಟೆಗೆ ಬರುವ ಆ ಕಪ್ಪು ಹಣ್ಣು ತಿಂದರೆ ತುಟಿಗೆಲ್ಲ ಅಂಟು. ಗೆಣ್ಣಿಗೆ ಜೋಡಿ ಮುಳ್ಳು, ಕೆಲವು ತುದಿಯಲ್ಲಿ ಮತ್ತೆ ಕವಲೊಡೆದಿರುತ್ತವೆ. ಈ ಕವಳಿ ಒಂದು ಕಾಲಕ್ಕೆ ಸರ್ಕಾರಿ ನೌಕರಿಯನ್ನೂ ಮಾಡಿದೆ! ಉತ್ತರ ಭಾರತದಲ್ಲಿ ಉಪ್ಪು ಸುಂಕ ತಪ್ಪಿಸಿ ಒಳಬರಬಾರದೆಂದು ಬ್ರಿಟಿಷರು ಒಂದು ಗಡಿ ಎಳೆದಿದ್ದರು. 1867ರಿಂದ 1870ರವರೆಗೆ ಅದರ ಕಮಿಷನರ್ ಆಗಿದ್ದ ಎ. ಒ. ಹ್ಯೂಮ್, ಒಣಮುಳ್ಳು ಒಟ್ಟುವ ಬದಲು ಬೇಲಿಯನ್ನು ಬೆಳೆಸಲು ಹೊರಟ. ಬಾರಿ, ಜಾಲಿ, ಕವಳಿ, ಕಳ್ಳಿ ಹಚ್ಚಿಸಿದ. ಚೆನ್ನಾಗಿ ಬಂದ ಕಡೆ ಅದು ಹತ್ತು ಹನ್ನೆರಡು ಅಡಿ ಎತ್ತರವಿತ್ತು, ಗಡಿ ಕಾಯಲು ಸುಮಾರು 12,000 ಜನರಿದ್ದರು. ಆದರೂ ಕಳ್ಳಸಾಗಣೆಯವರು ಉಪ್ಪನ್ನು ಬೇಲಿಯಾಚೆ ಎಸೆದೇ ಎಸೆದರು. 1879ರಲ್ಲಿ ಗಡಿಯೇ ರದ್ದಾಯಿತು. ಅದೇ ಹ್ಯೂಮ್ 1885ರಲ್ಲಿ ಕಾಂಗ್ರೆಸ್ ಕಟ್ಟಲು ಮುಂದಾದ. ಆ ಕಾಂಗ್ರೆಸ್ಸಿಗೆ 1924ರಲ್ಲಿ ನಮ್ಮ ಬೆಳಗಾವಿಯಲ್ಲಿ ಅಧ್ಯಕ್ಷರಾದ ಗಾಂಧೀಜಿ 1930ರಲ್ಲಿ ಉಪ್ಪಿನ ಕಾಯ್ದೆಯನ್ನೇ ಮುರಿದರು. ಉಪ್ಪಿಗೆ ಬೇಲಿ ಹಚ್ಚಿದವನ ಕೈಗುಣ ನೋಡಿ!

ಕವಳಿಯ ಬೀಜವನ್ನು ಹಣ್ಣಿನಿಂದ ತೆಗೆದು ತೊಳೆದ ಕೂಡಲೇ ಹಾಕಬೇಕು, ಹಳತಾದರೆ ಮೊಳಕೆ ಕಡಿಮೆ. ಬೆಳವಣಿಗೆಯೂ ನಿಧಾನ. ಅದಕ್ಕೇ ರಸ್ತೆಯ ಬದಿಗೆ ಕವಳಿ, ಒಳಸಾಲಿಗೆ ಅಡಿಗೊಂದರಂತೆ ಮದರಂಗಿ ಕಡ್ಡಿ. ಚಿಗುರಿದ ಮದರಂಗಿಯನ್ನು ಮೊದಲ ಮಳೆಗಾಲದಲ್ಲೇ ಗೇಣುದ್ದಕ್ಕೆ ಕತ್ತರಿಸಬೇಕು. ಜೀವ ಚುರ್ ಎನ್ನುತ್ತದೆ, ಆದರೆ ಎತ್ತರದ ಆಸೆಗೆ ಬಿಟ್ಟವರ ಬೇಲಿ ಮೇಲೆ ಹಸಿರು, ಬುಡದಲ್ಲಿ ಬರೀ ಕಾಲು. ಕಡಿದರೆ ಬುಡದಿಂದಲೇ ನಾಲ್ಕಾರು ಕವಲು ಬಂದು ಸಂದಿ ಮುಚ್ಚುತ್ತದೆ.

ಪಕ್ಕದ ಮನೆ ಕಾಕುಗೆ ಇದೆಲ್ಲ ಸೇರಲಿಲ್ಲ. "ಅಲ್ಲವಾ, ಅಡವ್ಯಾಗಿನ ಕಂಟಿ ತಂದು ಹಿತ್ತಲದಾಗ ಹಚ್ಚೀಯಲ್ಲ!"

"ಕಾಯಿ ಬಿಟ್ರ ಉಪ್ಪಿನಕಾಯಿ ನಿಮಗ ಮೊದ್ಲ ಕೊಡತೇನ್ರಿ ಕಾಕು."

"ಉಪ್ಪಿನಕಾಯಿ ಇರ್ಲಿ. ರಸ್ತೆ ಕಡೆ ಎಷ್ಟರೆ ಹಚ್ಚು, ನಮ್ಮ ಕಡೆ ಎರಡು ಗಿಡದ ಜಾಗಾ ಬಿಡು. ಹೆಪ್ಪು ಕೇಳಾಕ ನಾ ಹೈವೇ ಸುತ್ತಿ ಬರ್ಲೇನು?"

ಬಿಟ್ಟಿದ್ದೇನೆ.